ಒಂದೇ ಹಗೇವಿನ ಕಾಳು

ನರಗುಂದ, ರೋಣ ಸೀಮೆಯ ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಕಾಪಿಡುತ್ತಿದ್ದರು. ನೆಲದಲ್ಲಿ ಆಳವಾದ ಕುಳಿ ತೋಡಿ, ಒಳಗೆ ಒಣಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಬರಗಾಲದ ವರ್ಷಕ್ಕೂ ಆ ಕಾಳು ಮನೆಗೆ ಆಸರೆಯಾಗುತ್ತಿತ್ತು. ಆದರೆ ಇದ್ದ ಜೋಳವನ್ನೆಲ್ಲ ಒಂದೇ ಹಗೇವಿಗೆ ಸುರಿಯಬಾರದೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಎಲ್ಲಿಂದಲೋ ನೀರು ಇಳಿದರೆ ಮೇಲಿನ ಮಣ್ಣಿಗೆ ಅದು ತಿಳಿಯುವುದಿಲ್ಲ. ಕಲ್ಲು ಸರಿಸಿದ ದಿನವೇ ಕಾಳು ಮುಗ್ಗಿದ ಸುದ್ದಿ ಹೊರಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ನರಗುಂದದ ಓಣಿಗಳಲ್ಲಿ ನೆಲ ಕುಸಿದಾಗ, ಮರೆತುಹೋದ ಹಳೆಯ ಹಗೇವುಗಳಲ್ಲಿ ನೀರು ಸೇರಿದ್ದೂ ಅದಕ್ಕೊಂದು ಕಾರಣವೆಂಬ ಮಾತು ಕೇಳಿಬಂತು. ಆಗ ನಮಗೆ ಹಿರಿಯರ ಆ ಎಚ್ಚರಿಕೆ ಮತ್ತೆ ನೆನಪಾಯಿತು.

ಇಂದು ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಹಗೇವು ಬಂದಿದೆ. ಅಂಗೈಯಷ್ಟು ಅಗಲದ, ಕಪ್ಪು ಬಣ್ಣದ ಪೆಟ್ಟಿಗೆ. ಇದಕ್ಕೆ ಎಲ್ಲರೂ ಹೇಳುವ ಹೆಸರು ಹಾರ್ಡ್ ಡಿಸ್ಕ್. ಮಕ್ಕಳ ಜವಳ, ಮಗಳ ಮದುವೆ, ಮನೆಯ ವಾಸ್ತುಶಾಂತಿ, ಅಜ್ಜನ ಕೊನೆಯ ಭಾವಚಿತ್ರ, ಹೊಲದ ಕಾಗದಪತ್ರಗಳ ಪ್ರತಿ, ಅಂಗಡಿಯ ಲೆಕ್ಕ, ಹೀಗೆ ಒಂದು ಮನೆತನದ ಇಪ್ಪತ್ತು ವರ್ಷಗಳ ಬದುಕು ಅದರೊಳಗೆ ಕುಳಿತಿರುತ್ತದೆ. ಮೊಬೈಲು ತುಂಬಿತೆಂದು ಚಿತ್ರಗಳನ್ನು ಅದಕ್ಕೆ ಸಾಗಿಸಿ, ಮೊಬೈಲಿನಲ್ಲಿದ್ದುದನ್ನು ಅಳಿಸಿ, ಪೆಟ್ಟಿಗೆಯನ್ನು ತಿಜೋರಿಯಲ್ಲಿಟ್ಟು ನಾವು ನಿಶ್ಚಿಂತರಾಗುತ್ತೇವೆ. ಆ ನಿಶ್ಚಿಂತೆ ಎಷ್ಟು ಪೊಳ್ಳು ಎಂಬುದನ್ನು ನಾವು ನಷ್ಟಪಟ್ಟು ಕಲಿತೆವು. ಓದುಗ ಬಂಧುಗಳು ನಷ್ಟಪಡದೆ ಕಲಿಯಲಿ ಎಂಬ ಕಳಕಳಿಯಿಂದ ಈ ಲೇಖನ.

ನಮ್ಮ ತಾಯಿಯವರು ಲಿಂಗೈಕ್ಯರಾಗುವ ಮುಂಚಿನ ಎರಡು ವರ್ಷ ರೋಣದ ನಮ್ಮ ಮನೆಯಲ್ಲಿಯೇ ಇದ್ದರು. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದಗಳು ಅವರ ಬಾಯಲ್ಲಿ ಲೆಕ್ಕವಿಲ್ಲದಷ್ಟು ಇದ್ದವು. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ನಮ್ಮ ತಮ್ಮನ ಮಗ ರಜೆಗೆ ಬಂದಾಗಲೆಲ್ಲ ಅಜ್ಜಿಯನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ತನ್ನ ಮೊಬೈಲಿನಲ್ಲಿ ಆ ಪದಗಳನ್ನು ದಾಖಲಿಸಿದನು. ಒಟ್ಟು 41 ಹಾಡುಗಳಾದವು. ಅವನ್ನೆಲ್ಲ ನಮ್ಮ ಮನೆಯ ಹಾರ್ಡ್ ಡಿಸ್ಕಿಗೆ ಹಾಕಿಸಿ, "ಇನ್ನ ಅವ್ವನ ದನಿ ಎಲ್ಲಿಗೂ ಹೋಗೂದಿಲ್ಲ" ಎಂದು ನಾವೇ ಹೇಳಿದ್ದೆವು. ಹುಡುಗನ ಮೊಬೈಲು ಮುಂದೆ ಕೆಟ್ಟು ಬದಲಾಯಿತು. ಅವ್ವನೂ ಹೋದಳು.

ಮೊದಲ ವರ್ಷದ ಪುಣ್ಯಸ್ಮರಣೆಯ ದಿನ ಬಂಧುಗಳೆಲ್ಲ ಕೂಡಿದ್ದರು. ಅವ್ವನ ಪದಗಳನ್ನು ಎಲ್ಲರಿಗೂ ಕೇಳಿಸಬೇಕೆಂದು ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿ ಮೇಜಿನ ಅಂಚಿನಲ್ಲಿಟ್ಟೆವು. ಓಡಾಡುತ್ತಿದ್ದ ಕೂಸಿನ ಕಾಲು ಕೇಬಲ್ಲಿಗೆ ತಾಗಿತು. ತಿರುಗುತ್ತಿದ್ದ ಡಿಸ್ಕು ಫರಸಿಯ ಮೇಲೆ ಬಿತ್ತು. ಎತ್ತಿ ಮತ್ತೆ ಹಚ್ಚಿದರೆ ಒಳಗಿನಿಂದ ಟಿಕ್, ಟಿಕ್ ಎಂಬ ಸಪ್ಪಳ; ಪರದೆಯ ಮೇಲೆ ಏನೂ ಬರಲಿಲ್ಲ.

ಮುಂದೆ ನಾವು ಮಾಡಿದ್ದೆಲ್ಲ ತಪ್ಪೇ. ಒಮ್ಮೆ ಕಿತ್ತು ಹಚ್ಚಿದೆವು, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನೋಡಿದೆವು, ಬಂದವರಲ್ಲಿ ಒಬ್ಬರು ಹೇಳಿದರೆಂದು ಅಂಗೈಯಿಂದ ಮೆಲ್ಲಗೆ ತಟ್ಟಿದೆವು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಳಿಯನಿಗೆ, ನರಗುಂದಕ್ಕೆ ಕೊಟ್ಟ ತಂಗಿಯ ಮಗನಿಗೆ, ಫೋನು ಹಚ್ಚಿದ್ದು ಆಮೇಲೆ.

"ಮಾವಾ, ಮೊದಲ ಅದರ ವಾಯರ್ ಕೀಳ್ರಿ. ಬಿದ್ದ ಮ್ಯಾಲೆ ಎಷ್ಟ ಸಲ ಹಚ್ಚೀರಿ?" ಎಂದು ಕೇಳಿದನು.

"ಐದಾರು ಸಲ ಆಗಿರಬೇಕಪಾ" ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಾದನು. "ಇನ್ನ ಯಾರ ಕೈಯಾಗೂ ಕೊಡಬ್ಯಾಡ್ರಿ, ಹಂಗ ಇಡ್ರಿ" ಎಂದನು.

ಆದರೆ ನಮಗೆ ತಾಳ್ಮೆ ಇರಲಿಲ್ಲ. ಮರುದಿನವೇ ಪಟ್ಟಣದ ಒಂದು ರಿಪೇರಿ ಅಂಗಡಿಗೆ ಒಯ್ದೆವು. ಅವರು ನಮ್ಮೆದುರಿಗೇ ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಒಳಗಿನ ಕನ್ನಡಿಯಂಥ ತಟ್ಟೆಯನ್ನು ನೋಡಿ, "ಇದು ನಮ್ಮಿಂದ ಆಗೂದಿಲ್ಲ" ಎಂದು ಮತ್ತೆ ಮುಚ್ಚಿಕೊಟ್ಟರು. ಕೊನೆಗೆ ಅಳಿಯನ ಮೂಲಕ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದೆವು. ಹೊಸ ಡಿಸ್ಕಿನ ಬೆಲೆಯ ಏಳು ಪಟ್ಟು ಹಣ ಕೊಟ್ಟ ಮೇಲೆ ಭಾವಚಿತ್ರಗಳು ಬಹುತೇಕ ಮರಳಿ ಬಂದವು. ಅವ್ವನ 41 ಪದಗಳಲ್ಲಿ 23 ಪೂರ್ತಿಯಾಗಿ ಬಂದವು. 7 ಅಲ್ಲಲ್ಲಿ ಮುರಿದಿದ್ದವು. 11 ಬರಲೇ ಇಲ್ಲ. ತಟ್ಟೆಯ ಮೇಲೆ ಗೀರು ಬಿದ್ದ ಜಾಗದಲ್ಲಿ ಅವು ಇದ್ದವಂತೆ. ಬಿದ್ದ ಕೂಡಲೇ ಕಳಿಸಿದ್ದರೆ ಹೆಚ್ಚು ಉಳಿಯುತ್ತಿತ್ತೆಂದು ಅವರು ಹೇಳಿದರು.

ಈ ಸುದ್ದಿ ಕೇಳಿ ನರಗುಂದದ ತಂಗಿ ತನ್ನ ಮೊಬೈಲನ್ನು ಹುಡುಕಿದಳು. ಅಜ್ಜಿಯ ಹಾಡನ್ನು ಒಮ್ಮೆ ಕೇಳಬೇಕೆಂದು ಅವಳು ಹಿಂದೆಂದೋ ಬೇಡಿದ್ದಳು. ಹುಡುಗ ನಾಲ್ಕು ಹಾಡುಗಳನ್ನು ಕಳಿಸಿದ್ದನು. ಆ ನಾಲ್ಕರಲ್ಲಿ ಎರಡು, ನಾವು ಕಳೆದುಕೊಂಡ ಹನ್ನೊಂದರೊಳಗಿನವು. ಏಳು ಪಟ್ಟು ಹಣ ಕೊಟ್ಟರೂ ಬಾರದ ಎರಡು ಪದಗಳು ಇನ್ನೊಂದು ಊರಿನ ಇನ್ನೊಂದು ಮನೆಯಲ್ಲಿ ಇದ್ದ ಕಾರಣದಿಂದ ಪುಕ್ಕಟೆಯಾಗಿ ಉಳಿದವು. ಈ ಲೇಖನದ ಸಾರವೆಲ್ಲ ಅಷ್ಟೇ. ಉಳಿದುದು ಅದರ ವಿವರ.

ಪೆಟ್ಟಿಗೆಯ ಒಳಗೇನಿದೆ?

ಮೊಟ್ಟಮೊದಲ ಹಾರ್ಡ್ ಡಿಸ್ಕನ್ನು ಅಮೆರಿಕದ ಐ.ಬಿ.ಎಂ. ಕಂಪನಿಯು 1956ರಲ್ಲಿ ಹೊರತಂದಿತು. ಎರಡು ಅಡಿ ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಚಿತ್ರಕ್ಕೆ ಅಷ್ಟು ಜಾಗ ಬೇಕಾಗುತ್ತದೆ. ಈಗಿನ ಒಂದು ಟಿ.ಬಿ. ಡಿಸ್ಕಿನಲ್ಲಿ ಅಂಥ ಎರಡು ಲಕ್ಷ ಚಿತ್ರಗಳು ಹಿಡಿಯುತ್ತವೆ.

ಇಷ್ಟು ಕಿರಿದಾದರೂ ಒಳಗಿನ ತತ್ತ್ವ ಅದೇ. ಕಾಂತಗುಣದ ಲೇಪವಿರುವ ತಟ್ಟೆಯೊಂದು ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತದೆ. ಅದರ ಮೇಲೆ ತೆಳುವಾದ ತೋಳಿನ ತುದಿಯಲ್ಲಿ ಓದುವ-ಬರೆಯುವ ಹೆಡ್ ಇರುತ್ತದೆ. ಅದು ತಟ್ಟೆಯನ್ನು ಮುಟ್ಟದೆ, ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಆ ಸಂದಿಯಲ್ಲಿ ನಮ್ಮ ಎರೆಮಣ್ಣಿನ ಒಂದು ಧೂಳಿನ ಕಣ ಬಂದರೆ ಅದು ಬಂಡೆಗಲ್ಲಿಗೆ ಸಮಾನ. ತಿರುಗುವ ಡಿಸ್ಕು ಬಿದ್ದಾಗ ಹೆಡ್ಡು ತಟ್ಟೆಗೆ ಬಡಿಯುತ್ತದೆ. ಟಿಕ್ ಟಿಕ್ ಎಂಬ ಸಪ್ಪಳವು ಪೆಟ್ಟು ತಿಂದ ಹೆಡ್ಡು ತನ್ನ ದಾರಿ ಹುಡುಕಿ ಸೋಲುವ ಸಪ್ಪಳ. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಚಾಲು ಮಾಡಿದರೆ ಪ್ರತಿ ಸುತ್ತಿಗೂ ತಟ್ಟೆ ಕೆರೆಯುತ್ತ ಹೋಗುತ್ತದೆ. ನಾವು ಐದಾರು ಸಲ ಹಚ್ಚಿದಾಗ ಅವ್ವನ ದನಿಯನ್ನು ನಾವೇ ಕೆರೆದು ಹಾಕುತ್ತಿದ್ದೆವು.

ತಿರುಗುವ ಭಾಗಗಳೇ ಇಲ್ಲದ ಇನ್ನೊಂದು ಜಾತಿಯ ಡಿಸ್ಕು ಇದೆ, ಅದಕ್ಕೆ ಎಸ್.ಎಸ್.ಡಿ. ಎನ್ನುತ್ತಾರೆ. ಕೈಜಾರಿ ಬಿದ್ದರೆ ಅದು ತಾಳಿಕೊಳ್ಳುತ್ತದೆ, ವೇಗವೂ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ವರ್ಷಗಟ್ಟಲೆ ವಿದ್ಯುತ್ತು ಕೊಡದೆ ತಿಜೋರಿಯಲ್ಲಿಟ್ಟರೆ, ಅದರಲ್ಲೂ ಸೆಖೆಯ ಜಾಗದಲ್ಲಿಟ್ಟರೆ, ಅದರೊಳಗಿನ ವಿದ್ಯುದಂಶ ಸೋರಿ ಬರಹ ಮಾಸುವ ಸಂಭವವಿದೆ. ಕೈಯಲ್ಲಿಟ್ಟುಕೊಂಡು ಓಡಾಡುವುದಕ್ಕೆ ಎಸ್.ಎಸ್.ಡಿ. ಒಳ್ಳೆಯದು, ಮನೆಯಲ್ಲಿ ಒಂದೆಡೆ ಇಟ್ಟು ವರ್ಷಕ್ಕೊಮ್ಮೆ ತೆಗೆಯುವುದಕ್ಕೆ ಸಾಧಾರಣ ಹಾರ್ಡ್ ಡಿಸ್ಕು ಸಾಕು. ಪೆನ್ ಡ್ರೈವ್ ಹಾಗೂ ಮೆಮೊರಿ ಕಾರ್ಡುಗಳು ಸಾಗಿಸುವ ಚೀಲಗಳು. ಅವನ್ನು ಕಣಜವೆಂದು ನಂಬಬಾರದು.

ಕೊಳ್ಳುವ ಮುನ್ನ

ಮೊದಲನೆಯ ಮಾತು: ಒಂದು ದೊಡ್ಡ ಡಿಸ್ಕಿಗೆ ಕೊಡುವ ಹಣದಲ್ಲಿ ಎರಡು ಸಣ್ಣವು ಬರುತ್ತವೆಯೇ ನೋಡಿರಿ. ಸಾಧಾರಣ ಕುಟುಂಬದ ಚಿತ್ರ, ಹಾಡು, ಕಾಗದಪತ್ರಗಳಿಗೆ ಒಂದು ಟಿ.ಬಿ. ಬಹುಕಾಲ ಸಾಲುತ್ತದೆ. ನಾಲ್ಕು ಟಿ.ಬಿ.ಯ ಒಂದೇ ಡಿಸ್ಕು ಕೊಂಡವನು ನಾಲ್ಕು ಪಟ್ಟು ಹೆಚ್ಚು ಸುರಕ್ಷಿತನಾಗುವುದಿಲ್ಲ. ಬಿದ್ದ ದಿನ ನಾಲ್ಕು ಪಟ್ಟು ಕಳೆದುಕೊಳ್ಳುತ್ತಾನೆ. ಎರಡು ಡಿಸ್ಕುಗಳನ್ನು ಕೊಳ್ಳುವಾಗ ಬೇರೆ ಬೇರೆ ಕಂಪನಿಯವನ್ನೋ ಬೇರೆ ಬೇರೆ ತಿಂಗಳಲ್ಲೋ ಕೊಂಡರೆ, ಒಂದೇ ತಯಾರಿಕೆಯ ದೋಷ ಎರಡಕ್ಕೂ ತಗಲುವುದಿಲ್ಲ. ಜಗತ್ತಿನಲ್ಲಿ ತಿರುಗುವ ಹಾರ್ಡ್ ಡಿಸ್ಕುಗಳನ್ನು ತಯಾರಿಸುವವರು ಈಗ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಶಿಬಾ. ಎಲ್ಲರ ಡಿಸ್ಕುಗಳೂ ಒಂದು ದಿನ ಕೆಡುತ್ತವೆ. ಯಾವುದು ಯಾವಾಗ ಎಂಬುದನ್ನು ಹೇಳುವವರಿಲ್ಲ.

ಎರಡನೆಯದು: ಅಗ್ಗದ ಆಸೆ. ಎಂಟು ಟಿ.ಬಿ., ಹದಿನಾರು ಟಿ.ಬಿ. ಎಂದು ಹೇಳಿ ಒಂದೆರಡು ಸಾವಿರ ರೂಪಾಯಿಗೆ ಮಾರುವ ಡಿಸ್ಕುಗಳ ಜಾಹೀರಾತು ಮೊಬೈಲಿನಲ್ಲಿ ಬರುತ್ತಿರುತ್ತದೆ. ಅಂಥವುಗಳ ಒಳಗೆ ಎಷ್ಟೋ ಸಲ ಸಣ್ಣದೊಂದು ಮೆಮೊರಿ ಕಾರ್ಡು ಮಾತ್ರ ಇರುತ್ತದೆ. ದೊಡ್ಡದೆಂದು ಸುಳ್ಳು ತೋರಿಸುವಂತೆ ಅದನ್ನು ತಿದ್ದಿರುತ್ತಾರೆ. ಚಿತ್ರಗಳು ಏರಿದಂತೆ ಕಾಣುತ್ತವೆ, ಹೆಸರುಗಳೂ ಕಾಣುತ್ತವೆ; ತೆರೆದರೆ ಒಳಗೆ ಏನೂ ಇರುವುದಿಲ್ಲ. ಹೊಸ ಡಿಸ್ಕನ್ನು ತಂದ ಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿ ತುಂಬಿಸಿ, ಮರಳಿ ಓದಿಸಿ ನೋಡತಕ್ಕದ್ದು. ಇದಕ್ಕೆ ಹಲವು ತಾಸು ಬೇಕು. ಆದರೆ ಸುಳ್ಳೂ ದೋಷವೂ ಅದೇ ದಿನ ಹೊರಬೀಳುತ್ತವೆ. ಒಂದು ಟಿ.ಬಿ. ಡಿಸ್ಕು ಕಂಪ್ಯೂಟರಿನಲ್ಲಿ 931 ಜಿ.ಬಿ. ಎಂದು ತೋರಿದರೆ ಮೋಸವೆಂದು ತಿಳಿಯಬೇಡಿರಿ; ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟೇ ಅಂತರ.

ಮೂರನೆಯದು: ವಾರಂಟಿ. ಎರಡು ವರ್ಷ, ಮೂರು ವರ್ಷವೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೆಟ್ಟರೆ ಬೇರೊಂದು ಡಿಸ್ಕು ಕೊಡುತ್ತಾರೆ. ಒಳಗಿದ್ದ ಮಾಹಿತಿಗೆ ಆ ವಾರಂಟಿ ಹೊಣೆಯಲ್ಲ. ಬಿಂದಿಗೆ ಒಡೆದರೆ ಹೊಸ ಬಿಂದಿಗೆ ಕೊಟ್ಟಾರು, ಚೆಲ್ಲಿದ ತುಪ್ಪವನ್ನು ಯಾರು ಕೊಡುತ್ತಾರೆ? ಆದರೂ ಜಿ.ಎಸ್.ಟಿ. ಸಹಿತವಾದ ಬಿಲ್ಲು ಪಡೆದು, ಸೀಲು ಒಡೆಯದ ಪೆಟ್ಟಿಗೆಯನ್ನೇ ತೆಗೆದುಕೊಂಡು, ಸರಣಿ ಸಂಖ್ಯೆಯನ್ನು ಒಂದೆಡೆ ಬರೆದಿಟ್ಟುಕೊಳ್ಳಬೇಕು.

ನಾಲ್ಕನೆಯದು ಬಹಳ ಜನಕ್ಕೆ ತಿಳಿಯದ ಸಂಗತಿ. ಈಗಿನ ಹಲವು ಚಿಕ್ಕ ಡಿಸ್ಕುಗಳಲ್ಲಿ ಕೇಬಲ್ ಹಚ್ಚುವ ಬಾಯಿಯನ್ನು ಒಳಗಿನ ಫಲಕಕ್ಕೇ ಬೆಸೆದಿರುತ್ತಾರೆ. ಬಾಯಿ ಸಡಿಲವಾದರೆ ಡಿಸ್ಕನ್ನು ಹೊರತೆಗೆದು ಬೇರೆ ಕವಚಕ್ಕೆ ಹಾಕಲು ಬರುವುದಿಲ್ಲ. ಆದ್ದರಿಂದ ಕೇಬಲ್ಲನ್ನು ಜಗ್ಗಬಾರದು, ಡಿಸ್ಕನ್ನು ಕೇಬಲ್ಲಿಗೆ ಜೋತುಬಿಡಬಾರದು. ಗೋಡೆಯ ಬದಿಗೆ, ಮೇಜಿನ ನಡುವೆ, ಕೂಸುಗಳ ಕೈಗೆ ಎಟುಕದಲ್ಲಿ ಇಟ್ಟು ಕೆಲಸ ಮಾಡಬೇಕು. ಬಳಕೆ ಮುಗಿದ ಮೇಲೆ ಕಂಪ್ಯೂಟರಿಗೆ ಹೇಳಿ, ಅದು 'ತೆಗೆಯಬಹುದು' ಎಂದ ನಂತರವೇ ಕೀಳಬೇಕು. ನಮ್ಮ ಊರುಗಳಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದುಂಟು. ಬ್ಯಾಟರಿಯಿಲ್ಲದ ಕಂಪ್ಯೂಟರಿಗೆ ಯು.ಪಿ.ಎಸ್. ಇಲ್ಲದೆ ಡಿಸ್ಕಿಗೆ ಬರೆಯಲು ಹೋಗಬಾರದು. ಡಿಸ್ಕಿಗೆ ಗುಪ್ತಪದ ಹಾಕುವವರು ಅದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಗುಪ್ತಪದ ಹೊತ್ತ ಯಜಮಾನನು ತೀರಿಕೊಂಡರೆ, ಡಿಸ್ಕು ಗಟ್ಟಿಯಾಗಿದ್ದೂ ಮನೆಯವರ ಪಾಲಿಗೆ ಕಲ್ಲಾಗುತ್ತದೆ.

ಪೆಟ್ಟಾದಾಗ

ಎಷ್ಟು ಜೋಪಾನ ಮಾಡಿದರೂ ಕೆಡುವ ದಿನ ಬರಬಹುದು. ಆಗ ಕೈಯನ್ನು ತಡೆದುಕೊಳ್ಳುವುದೇ ದೊಡ್ಡ ಉಪಾಯ. ಕೆಟ್ಟ ಬಗೆ ಯಾವುದೆಂದು ಮೊದಲು ತಿಳಿಯಬೇಕು.

ತಪ್ಪಿ ಅಳಿಸಿದ್ದರೆ, ಅಥವಾ ಕಂಪ್ಯೂಟರು 'ಫಾರ್ಮ್ಯಾಟ್ ಮಾಡಬೇಕೆ?' ಎಂದು ಕೇಳುತ್ತಿದ್ದರೆ, ಡಿಸ್ಕಿನ ದೇಹ ಗಟ್ಟಿಯಾಗಿರುವ ಸಂಭವ ಹೆಚ್ಚು. ಆ ಪ್ರಶ್ನೆಗೆ 'ಬೇಡ' ಎಂದೇ ಒತ್ತಬೇಕು. ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಪುಸ್ತಕದ ವಿಷಯಸೂಚಿಯಿಂದ ಹೆಸರು ಹೊಡೆದುಹಾಕಿದಂತೆ. ಒಳಪುಟ ಹಾಗೆಯೇ ಇರುತ್ತದೆ. ಅದರ ಮೇಲೆ ಹೊಸದಾಗಿ ಬರೆದಾಗಲೇ ಹಳೆಯದು ನಿಜವಾಗಿ ಅಳಿಯುತ್ತದೆ. ಆದಕಾರಣ ಆ ಡಿಸ್ಕಿಗೆ ಇನ್ನೇನನ್ನೂ ಹಾಕದೆ ನಿಲ್ಲಿಸಿ, ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳಿಂದ ಪ್ರಯತ್ನಿಸಬಹುದು. ಹೊರಬಂದುದನ್ನು ಬೇರೆ ಡಿಸ್ಕಿನಲ್ಲಿಯೇ ಇಳಿಸಿಕೊಳ್ಳಬೇಕು. ಫೋಟೋರೆಕ್ ತಂದುಕೊಡುವ ಚಿತ್ರಗಳಿಗೆ ಹಳೆಯ ಹೆಸರು ಇರುವುದಿಲ್ಲ. ಸಾವಿರಾರು ಚಿತ್ರಗಳನ್ನು ಕುಳಿತು ಗುರುತಿಸಬೇಕಾಗುತ್ತದೆ. ಎಸ್.ಎಸ್.ಡಿ.ಗಳು ಅಳಿಸಿದ ಜಾಗವನ್ನು ತಾವಾಗಿಯೇ ಖಾಲಿ ಮಾಡಿಬಿಡುವುದುಂಟಾದ್ದರಿಂದ ಅವುಗಳಲ್ಲಿ ಇಂಥ ಆಸೆ ಕಡಿಮೆ.

ಡಿಸ್ಕು ಕಾಣುತ್ತಿದ್ದು, ತೆರೆಯಲು ಬಹಳ ಹೊತ್ತು ಹಿಡಿಯುತ್ತಿದ್ದರೆ, ನಡುನಡುವೆ ನಿಲ್ಲುತ್ತಿದ್ದರೆ, ತಟ್ಟೆಯ ಕೆಲವು ಭಾಗಗಳು ಸವೆದಿವೆ ಎಂದು ತಿಳಿಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವು ಡಿಸ್ಕಿನ ಆರೋಗ್ಯವನ್ನು ಹೇಳುತ್ತದೆ. ಅದು ಎಚ್ಚರಿಕೆ ಕೊಟ್ಟ ದಿನವೇ ಬೇರೆ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬೇಕು. ಬಲ್ಲವರಾದರೆ ಡಿಡಿರೆಸ್ಕ್ಯೂ ಎಂಬುದನ್ನು ಬಳಸುತ್ತಾರೆ. ಅದು ಗಟ್ಟಿಯಿರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಹೋಗುತ್ತದೆ. ರಾಶಿ ಮಾಡುವಾಗ ಚೊಕ್ಕ ಕಾಳನ್ನು ಮೊದಲು ಚೀಲಕ್ಕೆ ತುಂಬಿ, ಕಸಗಡ್ಡಿಯೊಳಗಿನದನ್ನು ಆಮೇಲೆ ಆರಿಸುವಂತೆ.

ಬಿದ್ದ ಡಿಸ್ಕಿಗೆ, ಟಿಕ್ ಟಿಕ್ ಎನ್ನುವ ಡಿಸ್ಕಿಗೆ ಮನೆಯಲ್ಲಿ ಮದ್ದಿಲ್ಲ. ವಿದ್ಯುತ್ತನ್ನು ಕೂಡಲೇ ತೆಗೆದು ಹಾಗೆಯೇ ಇಡತಕ್ಕದ್ದು. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆಂಬ ಮಾತು ಕೇಳಿಬರುತ್ತದೆ; ಹೊರತೆಗೆದಾಗ ತಟ್ಟೆಯ ಮೇಲೆ ಹನಿಗಟ್ಟಿ ಇದ್ದುದೂ ಹಾಳಾಗುತ್ತದೆ. ಇಂಥ ಡಿಸ್ಕನ್ನು ತೆರೆಯಬೇಕಾದದ್ದು ಗಾಳಿಯನ್ನು ಸೋಸಿ ಧೂಳಿಲ್ಲದಂತೆ ಮಾಡಿದ ಕೋಣೆಯಲ್ಲಿ. ಅಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡನ್ನು ತೆಗೆದು ಇದಕ್ಕೆ ಕೂಡಿಸಿ, ಓದುವಷ್ಟನ್ನು ಓದಿಕೊಳ್ಳುತ್ತಾರೆ. ಕೆಲಸದ ಖರ್ಚು ಅದರಿಂದಲೇ ಏರುತ್ತದೆ. ಕಳಿಸುವ ಮುನ್ನ ಮೂರು ಮಾತು ಕೇಳಿರಿ: ಪರೀಕ್ಷಿಸುವುದಕ್ಕೆ ಹಣವೆಷ್ಟು? ಏನೂ ಬಾರದಿದ್ದರೆ ಹಣವೆಷ್ಟು? ಏನೇನು ಬಂದಿದೆ ಎಂಬ ಪಟ್ಟಿಯನ್ನು ತೋರಿಸಿ ಆಮೇಲೆ ಹಣ ಪಡೆಯುತ್ತೀರಾ? ಉತ್ತರವನ್ನು ಬರೆಹದಲ್ಲಿ ಪಡೆಯಿರಿ. ಡಿಸ್ಕಿನಲ್ಲಿ ಮನೆಯ ಖಾಸಗಿ ಸಂಗತಿಗಳಿದ್ದರೆ ಗೌಪ್ಯತೆಯ ಭರವಸೆಯನ್ನೂ ಬರೆಹದಲ್ಲಿಯೇ ಕೇಳಿರಿ.

ನೀರಿನ ಮಾತನ್ನು ನಮ್ಮ ಭಾಗದವರಿಗೆ ಬೇರೆಯಾಗಿ ಹೇಳಬೇಕು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಲಪ್ರಭೆಯು ದಡ ಮೀರಿದಾಗ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲೂಕಿನ ಹೊಳೆಆಲೂರು ಮುಂತಾದ ಊರುಗಳ ಜನ ಪಟ್ಟ ಪಾಡು ನಮಗೆಲ್ಲ ಗೊತ್ತಿದೆ. ಜೀವ ಹಿಡಿದು ಓಡುವವನು ಡಿಸ್ಕನ್ನು ಹುಡುಕುವುದಿಲ್ಲ, ಹುಡುಕಲೂಬಾರದು. ನೀರಿಳಿದ ಮೇಲೆ ಕೆಸರಿನಲ್ಲಿ ಸಿಕ್ಕರೆ ಅದನ್ನು ಬಿಸಿಲಿಗಿಡಬೇಡಿರಿ, ಅಕ್ಕಿಯಲ್ಲಿ ಹೂಳಬೇಡಿರಿ, ಒಣಗಿತೆಂದು ಕಂಪ್ಯೂಟರಿಗೆ ಹಚ್ಚಬೇಡಿರಿ. ಒಣಗಿದ ಕೆಸರು ತಟ್ಟೆಗೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹಸಿ ಇರುವಂತೆಯೇ ಬೇಗ ಪ್ರಯೋಗಾಲಯಕ್ಕೆ ಕಳಿಸುವುದು ಸರಿಯಾದ ದಾರಿ.

ಕೆಟ್ಟುದನ್ನು ಮರಳಿ ಪಡೆಯುವ ವಿದ್ಯೆ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಒಂದು ನಿದರ್ಶನವಿದೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಕಾಶದಲ್ಲಿಯೇ ಒಡೆದು, ನಮ್ಮ ದೇಶದಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಅಸುನೀಗಿದರು. ನೌಕೆಯಲ್ಲಿದ್ದ ಒಂದು ಹಾರ್ಡ್ ಡಿಸ್ಕು ಅಮೆರಿಕದ ಟೆಕ್ಸಾಸಿನಲ್ಲಿ ಸುಟ್ಟು ಕರಕಾದ ಸ್ಥಿತಿಯಲ್ಲಿ ಸಿಕ್ಕಿತು. ಆನ್‌ಟ್ರ್ಯಾಕ್ ಎಂಬ ಸಂಸ್ಥೆಯವರು ಅದರಿಂದ ನೂರಕ್ಕೆ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೆ ಕಾರಣ ವಿದ್ಯೆಯೊಂದೇ ಆಗಿರಲಿಲ್ಲ. ಡಿಸ್ಕು ಅರ್ಧದಷ್ಟು ಮಾತ್ರ ತುಂಬಿತ್ತು. ತಟ್ಟೆ ಹಾಳಾದ ಭಾಗ ಬರಹವಿಲ್ಲದ ಭಾಗವಾಗಿತ್ತು. ಆಕಾಶದಿಂದ ಬಿದ್ದ ಡಿಸ್ಕು ಅದೃಷ್ಟದಿಂದ ಉಳಿಯಿತು, ನಮ್ಮ ಮೇಜಿನಿಂದ ಬಿದ್ದದ್ದು ಉಳಿಯಲಿಲ್ಲ. ಇಂಥ ಅದೃಷ್ಟವನ್ನು ನಂಬಿ ಮನೆತನದ ನೆನಪನ್ನು ಇಡಬಹುದೆ?

ಮೂರು ಊರು, ಮೂರು ಪ್ರತಿ

ಹಾಗಾದರೆ ಯಾವುದನ್ನು ನಂಬಬೇಕು? ಇದಕ್ಕೆ ನಮ್ಮ ನೆಲದಲ್ಲಿಯೇ ಉತ್ತರವಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ನಮ್ಮವರೆಗೆ ಬಂದದ್ದು ಹೇಗೆ? ಒಂದೇ ಭಂಡಾರದಲ್ಲಿ ಬೀಗ ಹಾಕಿ ಇಟ್ಟಿದ್ದರಿಂದಲ್ಲ. ಮಠಗಳಲ್ಲಿ, ಮನೆಗಳಲ್ಲಿ, ಊರೂರುಗಳಲ್ಲಿ ಓಲೆಯಿಂದ ಓಲೆಗೆ ಪ್ರತಿ ಮಾಡಿದ್ದರಿಂದ. ಒಂದು ಕಟ್ಟಿಗೆ ಹುಳು ಹಿಡಿದರೆ ಇನ್ನೊಂದು ಕಟ್ಟು ಇನ್ನೊಬ್ಬರ ಜಗಲಿಯ ಮೇಲಿರುತ್ತಿತ್ತು. ಫ. ಗು. ಹಳಕಟ್ಟಿಯವರು ಹೀಗೆ ಚದುರಿ ಉಳಿದಿದ್ದ ತಾಡೋಲೆಗಳನ್ನು ಊರೂರು ತಿರುಗಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು; ಸ್ವಂತ ಮನೆಯನ್ನು ಮಾರಿ ವಿಜಯಪುರದಲ್ಲಿ ಮುದ್ರಣಾಲಯ ನಡೆಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ ಅದು ಸಾವಿರಾರು ಮನೆಗಳನ್ನು ಸೇರಿತು. ಒಂದು ಪ್ರತಿ ಕಳೆದರೂ ವಚನ ಕಳೆಯದಂಥ ಸ್ಥಿತಿ ಅದು.

ದೊಡ್ಡ ಕಂಪನಿಗಳಿಗೂ ಇದೇ ಪಾಠ. ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ 1998ರಲ್ಲಿ 'ಟಾಯ್ ಸ್ಟೋರಿ 2' ಎಂಬ ಮಕ್ಕಳ ಚಿತ್ರ ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಬಹುಭಾಗ ಕಂಪ್ಯೂಟರಿನಿಂದ ಅಳಿಸಿಹೋಯಿತು. ಕಾದಿಟ್ಟ ಪ್ರತಿಯನ್ನು ತೆಗೆದರೆ ಅದೂ ಕೆಟ್ಟಿತ್ತು. ಕೊನೆಗೆ ಚಿತ್ರವನ್ನು ಉಳಿಸಿದವರು ಗ್ಯಾಲಿನ್ ಸುಸ್‌ಮನ್ ಎಂಬ ಮಹಿಳೆ. ಅವರಿಗೆ ಕೂಸು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಒಂದು ಪ್ರತಿ ಅವರ ಮನೆಯಲ್ಲಿತ್ತು. ಬಾಣಂತಿಯ ಮನೆಯ ಪ್ರತಿಯು ಕಾರ್ಖಾನೆಯ ಭದ್ರಕೋಣೆಗಿಂತ ಗಟ್ಟಿಯಾಯಿತು.

ಬಲ್ಲವರು ಇದಕ್ಕೆ 3-2-1 ಎಂಬ ಸೂತ್ರ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ನಮ್ಮ ಕುಟುಂಬದವರು ಅದನ್ನು ಹೀಗೆ ಅಳವಡಿಸಿಕೊಂಡಿದ್ದೇವೆ. ರೋಣದ ನಮ್ಮ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕು, ನರಗುಂದದ ತಂಗಿಯ ಮನೆಯಲ್ಲಿ ಬೇರೆ ಕಂಪನಿಯ ಇನ್ನೊಂದು, ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರ ಮಾಡುವ ತಮ್ಮನ ಮನೆಯಲ್ಲಿ ಒಂದು ಎಸ್.ಎಸ್.ಡಿ. ಎಲ್ಲಕ್ಕಿಂತ ಬೆಲೆಯುಳ್ಳ ಕೆಲವನ್ನು ಮಾತ್ರ ಅಂತರ್ಜಾಲದ ಸಂಗ್ರಹದಲ್ಲಿಯೂ ಇಟ್ಟಿದ್ದೇವೆ. ಅಲ್ಲಿ ಪುಕ್ಕಟೆ ಜಾಗಕ್ಕೆ ಮಿತಿಯಿದೆ. ಗೂಗಲ್ ಫೋಟೋಸ್ ಕೂಡ 2021ರ ಜೂನ್ 1ರಿಂದ ಹೊಸ ಚಿತ್ರಗಳನ್ನು ಖಾತೆಯ 15 ಜಿ.ಬಿ.ಯ ಲೆಕ್ಕಕ್ಕೆ ಸೇರಿಸುತ್ತಿದೆ. ವಾಟ್ಸಾಪಿನಲ್ಲಿ ಬಂಧುಗಳಿಗೆ ಚಿತ್ರ ಕಳಿಸಿದರೆ ಅದೂ ಒಂದು ಪ್ರತಿಯೇ. ಆದರೆ ಗಾತ್ರ ಕುಗ್ಗದಿರಬೇಕಾದರೆ 'ಡಾಕ್ಯುಮೆಂಟ್' ಎಂದು ಕಳಿಸಬೇಕು.

ಎಲ್ಲವನ್ನೂ ಮೂರು ಕಡೆ ಇಡಬೇಕಾದ ಅಗತ್ಯವಿಲ್ಲ. ಪಹಣಿ ಕಳೆದರೆ ಮತ್ತೆ ತೆಗೆಸಬಹುದು. ಅಂಕಪಟ್ಟಿಗೂ ನಕಲು ಸಿಗುತ್ತದೆ. ಸಿನಿಮಾ ಹೋದರೆ ಇನ್ನೊಂದು ಸಿಕ್ಕೀತು. ಎಲ್ಲಿ ಅರ್ಜಿ ಕೊಟ್ಟರೂ ಸಿಗದಂಥವು ಯಾವುವು ಎಂದು ಮನೆಯವರೆಲ್ಲ ಒಂದು ಸಂಜೆ ಕುಳಿತು ಪಟ್ಟಿ ಮಾಡಿರಿ. ಆ ಪಟ್ಟಿ ನೀವು ತಿಳಿದುಕೊಂಡದ್ದಕ್ಕಿಂತ ಚಿಕ್ಕದಾಗಿರುತ್ತದೆ. ಮೊದಲು ಅದಕ್ಕೆ ಮೂರು ಪ್ರತಿ ಮಾಡಿರಿ. ವರ್ಷಕ್ಕೊಮ್ಮೆ ಎಲ್ಲ ಡಿಸ್ಕುಗಳನ್ನೂ ಹಚ್ಚಿ, ತೆರೆದು, ನಾಲ್ಕಾರು ಚಿತ್ರ ನೋಡಿ, ಹಾಡು ಕೇಳಿ ಖಾತ್ರಿ ಮಾಡಿಕೊಳ್ಳಿರಿ. ಐದಾರು ವರ್ಷ ಕಳೆದ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಿರಿ. ಗಜೇಂದ್ರಗಡದ ಪಕ್ಕದ ಸೂಡಿಯಲ್ಲಿ ಹನ್ನೊಂದನೆಯ ಶತಮಾನದ ಶಾಸನಗಳು ಇಂದಿಗೂ ಇವೆ; ಕಲ್ಲಿಗೆ ಆ ಆಯುಷ್ಯವಿದೆ. ಡಿಸ್ಕಿಗೆ ಅಂಥ ಆಯುಷ್ಯವಿಲ್ಲವೆಂಬುದನ್ನು ಒಪ್ಪಿಕೊಂಡು ನಡೆಯಬೇಕು.

ಅವ್ವನ ಎರಡನೆಯ ವರ್ಷದ ಪುಣ್ಯಸ್ಮರಣೆಗೆ ತಂಗಿಯೂ ತಮ್ಮನೂ ತಮ್ಮ ತಮ್ಮ ಡಿಸ್ಕುಗಳೊಂದಿಗೆ ರೋಣಕ್ಕೆ ಬಂದರು. ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಮೂರನ್ನೂ ಹಚ್ಚಿ ನೋಡಿದೆವು, ವರ್ಷದ ಹೊಸ ಚಿತ್ರಗಳನ್ನು ಒಂದರಿಂದ ಒಂದಕ್ಕೆ ಹಂಚಿಕೊಂಡೆವು. ಕಳೆದುಹೋದ ಒಂಬತ್ತು ಪದಗಳಲ್ಲಿ ನಮ್ಮೆಲ್ಲರನ್ನೂ ತೂಗಿದ ತೊಟ್ಟಿಲ ಪದವೂ ಇತ್ತು. ತಂಗಿಗೆ ಅದು ಅರ್ಧ ನೆನಪಿದೆ ಎಂದಳು. "ಅಷ್ಟ ಹಾಡವಾ" ಎಂದೆವು. ಮೊದಲು ನಾಚಿದಳು, ಆಮೇಲೆ ಹಾಡಿದಳು. ತಮ್ಮನ ಮಗ ದಾಖಲಿಸಿಕೊಂಡನು. ಆ ಅರ್ಧ ಪದಕ್ಕೆ ಅಂದೇ ಮೂರು ಪ್ರತಿ ಮಾಡಿ, ಮೂರು ಊರುಗಳಿಗೆ ಕಳಿಸಿದೆವು.